ಮೋಕೆನ್ ಜನರ ಕಡಲಿಗೆ ಹಾಯಿದೋಣಿಯಲ್ಲಿ ಹೊರಟವರಿಗೆ

ಪ್ರಶ್ನೆ: ನಾವು ಬೆಂಗಳೂರಿನ ನಾಲ್ವರು ಸ್ನೇಹಿತರು. ನಮ್ಮಲ್ಲಿ ಇಬ್ಬರಿಗೆ ಹಾಯಿದೋಣಿ ನಡೆಸುವ ತರಬೇತಿ ಆಗಿದೆ. ಬರುವ ಚಳಿಗಾಲದಲ್ಲಿ ಥಾಯ್ಲೆಂಡಿನ ಫುಕೆಟ್‌ನಲ್ಲಿ ದೋಣಿಯೊಂದನ್ನು ಬಾಡಿಗೆಗೆ ಪಡೆದು, ದ್ವೀಪದಿಂದ ದ್ವೀಪಕ್ಕೆ ಸಾಗಿ, ಜೀವನವಿಡೀ ದೋಣಿಯಲ್ಲೇ ಬದುಕುವ ಮೋಕೆನ್ ಜನರೊಂದಿಗೆ ಕೆಲವು ದಿನ ಇದ್ದು, ಬಳಿಕ ಮ್ಯಾನ್ಮಾರ್ ಕಡೆಯ ಮೆರ್ಗುಯಿ ದ್ವೀಪಸಮೂಹವನ್ನೂ ನೋಡಿ ಬರುವ ಯೋಚನೆಯಿದೆ. ಅಂಡಮಾನಿನಿಂದಲೇ ಹೊರಡಬಹುದೇ? ಯಾವ ತಿಂಗಳು ಒಳ್ಳೆಯದು? ಅವರ ಮಕ್ಕಳಿಗೆ ಏನು ಕೊಂಡೊಯ್ಯಬೇಕು?

ಉತ್ತರ: ಸುಲಭದ್ದನ್ನು ಮೊದಲು ಮುಗಿಸಿಬಿಡುತ್ತೇನೆ. ಹಿಂದೆ ಪೋರ್ಟ್ ಬ್ಲೇರ್ ಎನಿಸಿಕೊಂಡಿದ್ದ ಶ್ರೀ ವಿಜಯಪುರಂನಿಂದ ಫುಕೆಟ್‌ಗೆ ಸುಮಾರು 400 ನಾಟಿಕಲ್ ಮೈಲಿ. ಗಂಟೆಗೆ ಐದಾರು ಮೈಲಿ ಸಾಗುವ ಹಾಯಿದೋಣಿಗೆ ಅದು ತೆರೆದ ಕಡಲಿನಲ್ಲಿ, ಹಗಲೂ ಇರುಳೂ ಸರದಿಯ ಮೇಲೆ ಕಾವಲು ಕೂರುತ್ತ ಮಾಡಬೇಕಾದ ಮೂರು ದಿನಗಳ ಪಯಣ. ಇಬ್ಬರಷ್ಟೇ ತರಬೇತಿ ಪಡೆದಿರುವ ತಂಡ ಕೈಹಾಕಬೇಕಾದ ಕೆಲಸ ಅದಲ್ಲ. ಫುಕೆಟ್‌ವರೆಗೆ ವಿಮಾನದಲ್ಲಿ ಹೋಗಿ.

ಇನ್ನು ನಿಮ್ಮ ಪ್ರಶ್ನೆಯಲ್ಲಿರುವ ಒಂದು ಮಾತನ್ನು ತಿದ್ದದೆ ಮುಂದುವರಿಯಲಾರೆ, ಏಕೆಂದರೆ ಉಳಿದೆಲ್ಲ ಉತ್ತರಗಳೂ ಅದನ್ನೇ ಅವಲಂಬಿಸಿವೆ. ಜೀವನವಿಡೀ ದೋಣಿಯಲ್ಲೇ ಬದುಕುವ ಮೋಕೆನ್ನರನ್ನು ನೀವು ಥಾಯ್ಲೆಂಡಿನ ಕಡಲಿನಲ್ಲಿ ಕಾಣುವುದಿಲ್ಲ. ಹಿಂದಿನ ಕಾಲದಲ್ಲೂ ಅವರ ವರ್ಷ ಎರಡು ಭಾಗವಾಗಿತ್ತು. ನವೆಂಬರಿನಿಂದ ಏಪ್ರಿಲ್‌ವರೆಗಿನ ಒಣ ತಿಂಗಳುಗಳಲ್ಲಿ ಅವರ ಮನೆ ದೋಣಿಯಾಗಿತ್ತು. ನೈಋತ್ಯ ಮಾರುತ ಕಡಲನ್ನು ಕದಡುವ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಅವರು ಗಾಳಿಮರೆಯ ಕೊಲ್ಲಿಗಳಲ್ಲಿ ಕಂಬಗಳ ಮೇಲೆ ಗುಡಿಸಲು ಕಟ್ಟಿಕೊಂಡು ದಡದಲ್ಲಿರುತ್ತಿದ್ದರು. ಈಗ ದಡದ ಆ ಅರ್ಧವರ್ಷವೇ ಇಡೀ ವರ್ಷವನ್ನು ನುಂಗಿಕೊಂಡಿದೆ. ನೀವು ಭೇಟಿಯಾಗಲಿರುವುದು ದೋಣಿಯಿಂದ ಇಳಿಯಬೇಕಾಗಿ ಬಂದ ಜನರನ್ನು ಎಂಬುದನ್ನು ತಿಳಿದು ಹೊರಟರೆ ಈ ಪ್ರವಾಸಕ್ಕೆ ಅರ್ಥವಿದೆ.

ತಿಂಗಳ ವಿಚಾರ. ಥಾಯ್ಲೆಂಡಿನ ಪಾಲಿನ ಮೋಕೆನ್ನರಲ್ಲಿ ಮುನ್ನೂರರ ಆಸುಪಾಸಿನಷ್ಟು ಜನ ಇರುವುದು ಸುರಿನ್ ದ್ವೀಪಗಳಲ್ಲಿ. ಈ ದ್ವೀಪಗಳು 1981ರಿಂದ ರಾಷ್ಟ್ರೀಯ ಉದ್ಯಾನವಾಗಿದ್ದು, ಮಳೆಗಾಲದಲ್ಲಿ, ಅಂದರೆ ಸಾಮಾನ್ಯವಾಗಿ ಮೇ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ, ಪ್ರವಾಸಿಗರಿಗೆ ಮುಚ್ಚಿರುತ್ತವೆ. ತೆರೆದಿರುವ ತಿಂಗಳುಗಳಲ್ಲಿ ಡಿಸೆಂಬರ್ ಮತ್ತು ಜನವರಿಯಲ್ಲಿ ಈಶಾನ್ಯ ಮಾರುತ ಚೆನ್ನಾಗಿ ಬೀಸುತ್ತದೆ. 10ರಿಂದ 20 ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲಿ) ಗಾಳಿ ಸಾಮಾನ್ಯ. ರಾತ್ರಿ ನೆಲದಿಂದ ಕಡಲಿಗೆ ಬೀಸುವ ಗಾಳಿಯೂ ಜೊತೆಗೂಡುವುದರಿಂದ ನಸುಕಿನ ಹೊತ್ತಿಗೆ ಅದರ ಬಿರುಸು ಹೆಚ್ಚು, ಮಧ್ಯಾಹ್ನಕ್ಕೆ ಕಡಿಮೆ. ಮಾರ್ಚ್ ಕಳೆದರೆ ಗಾಳಿ ಸೋತು, ಕಡಲು ಕನ್ನಡಿಯಂತಾಗಿ, ನೀವು ಹಾಯಿ ಸುತ್ತಿಟ್ಟು ಎಂಜಿನ್ ಓಡಿಸಬೇಕಾದೀತು. ಹಾಯಿಯೂ ಬೇಕು, ನೆಮ್ಮದಿಯೂ ಬೇಕು ಎನ್ನುವವರಿಗೆ ಫೆಬ್ರವರಿಯನ್ನು ಹೇಳುತ್ತೇನೆ.

ದಾರಿಯನ್ನು ಭೂಪಟದಲ್ಲಿ ನೋಡಿದರೆ ಸರಳವಾಗಿ ಕಾಣುತ್ತದೆ. ಫುಕೆಟ್‌ನ ಪಶ್ಚಿಮ ದಂಡೆಯಿಂದ ವಾಯವ್ಯಕ್ಕೆ ಸುಮಾರು 50 ಮೈಲಿ ಸಾಗಿದರೆ ಸಿಮಿಲನ್ ದ್ವೀಪಗಳು (ಮಲಯ ಭಾಷೆಯಲ್ಲಿ ಒಂಬತ್ತಕ್ಕೆ ‘ಸೆಂಬಿಲಾನ್’ ಎನ್ನುತ್ತಾರೆ, ಹೆಸರು ಅಲ್ಲಿಂದ ಬಂದದ್ದು); ಅಲ್ಲಿಂದ ಉತ್ತರಕ್ಕೆ ಇನ್ನೂ 45ರಿಂದ 50 ಮೈಲಿ ಹೋದರೆ ಸುರಿನ್. ಆದರೆ ಗಾಳಿಯ ದಿಕ್ಕನ್ನು ಅದರ ಮೇಲಿಟ್ಟು ನೋಡಿ. ಮೊದಲ ಹಂತದಲ್ಲಿ ಈಶಾನ್ಯದ ಗಾಳಿ ನಿಮ್ಮ ಬಲಪಕ್ಕೆಗೆ ನೇರವಾಗಿ ತಗಲುತ್ತದೆ. ಹಾಯಿದೋಣಿಗೆ ಇದಕ್ಕಿಂತ ಹಿತವಾದ ಗಾಳಿಯಿಲ್ಲ. ಎರಡನೇ ಹಂತದಲ್ಲಿ ನಿಮ್ಮ ದಾರಿ ಉತ್ತರಕ್ಕೆ, ಕೊಂಚ ಪೂರ್ವಕ್ಕೆ ವಾಲುವುದರಿಂದ ಅದೇ ಗಾಳಿ ಹೆಚ್ಚುಕಡಿಮೆ ಮುಖಕ್ಕೆ ಬಂದು, ಹಾಯಿಯಲ್ಲೇ ಹೋಗುವುದಾದರೆ ಅತ್ತಿಂದಿತ್ತ ಓರೆಯಾಗಿ ಸಾಗುತ್ತ 45 ಮೈಲಿಯನ್ನು 60ಕ್ಕೂ ಮೇಲೆ ಹಿಗ್ಗಿಸಬೇಕಾಗುತ್ತದೆ. ಮೊದಲ ದಿನದ ಸುಖಕ್ಕೆ ಮರುಳಾಗಿ ಎರಡನೇ ದಿನಕ್ಕೂ ಅದೇ ಲೆಕ್ಕ ಹಾಕಿದವರು ಕತ್ತಲಾದ ಮೇಲೆ ಹವಳದ ದಿಬ್ಬಗಳ ನಡುವೆ ಜಾಗ ಹುಡುಕುವುದು ಇದೇ ಕಾರಣಕ್ಕೆ. ನಡುವಿರುವ ಬೋನ್ ಮತ್ತು ತಾಚಾಯ್ ದ್ವೀಪಗಳು ಗಾಳಿಗೆ ಮರೆಯಾಗಬಹುದು, ಆದರೆ ತಾಚಾಯ್ ದಡಕ್ಕೆ ಇಳಿಯುವ ಯೋಚನೆ ಬೇಡ. ಪ್ರವಾಸಿಗರ ದಟ್ಟಣೆಯಿಂದ ಹವಳಕ್ಕೂ ದಂಡೆಗೂ ಆದ ಹಾನಿಯ ಕಾರಣ 2016ರ ಅಕ್ಟೋಬರಿನಲ್ಲಿ ಅದನ್ನು ಮುಚ್ಚಲಾಯಿತು.

ಇರುಳಿನಲ್ಲಿ ಈ ನೀರಿನಲ್ಲಿ ಓಡಾಡಬೇಡಿ ಎಂದು ಖಂಡಿತವಾಗಿ ಹೇಳುತ್ತೇನೆ. ದಿಗಂತದುದ್ದಕ್ಕೂ ಹಸಿರು ಬೆಳಕಿನ ಸಾಲು ಕಂಡರೆ ಅವು ಕಣವೆ ಮೀನು (ಸ್ಕ್ವಿಡ್) ಹಿಡಿಯುವ ದೋಣಿಗಳು. ಅವುಗಳಿಂದ ಅಪಾಯ ಕಡಿಮೆ, ಏಕೆಂದರೆ ಅವು ಕಾಣಿಸುತ್ತವೆ. ಅಪಾಯವಿರುವುದು ದೀಪವಿಲ್ಲದೆ ತೇಲುವ ಬಲೆಗಳಿಂದ. ಬಲೆಯ ಹಗ್ಗ ನಿಮ್ಮ ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ನಿಮ್ಮ ರಾತ್ರಿಯೂ ಹಾಳು, ಬೆಸ್ತರ ವಾರದ ದುಡಿಮೆಯೂ ಹಾಳು. ನಸುಕಿನಲ್ಲೇ ಹೊರಟು, ಸೂರ್ಯ ತಲೆಯ ಮೇಲೋ ಬೆನ್ನಿಗೋ ಇರುವಾಗ ತಲುಪುವಂತೆ ನೋಡಿಕೊಳ್ಳಿ. ಸೂರ್ಯ ಎದುರಿಗಿದ್ದರೆ ನೀರಿನಡಿಯ ಹವಳ ಕಾಣುವುದಿಲ್ಲ.

ಸುರಿನ್‌ನ ಎರಡು ದೊಡ್ಡ ದ್ವೀಪಗಳ ಹೆಸರು ಸುರಿನ್ ನ್ಯುವಾ ಮತ್ತು ಸುರಿನ್ ತಾಯ್, ಅಂದರೆ ಉತ್ತರ ಮತ್ತು ದಕ್ಷಿಣ. ಇವೆರಡರ ನಡುವೆ ಚೋಂಗ್ ಖಾದ್ ಎಂಬ ಸುಮಾರು 200 ಮೀಟರ್ ಅಗಲದ, ಆಳವಿಲ್ಲದ ಜಲಸಂಧಿಯಿದೆ. ಉದ್ಯಾನದ ಕಚೇರಿ ಅಲ್ಲಿಯೇ. ಅಮಾವಾಸ್ಯೆ, ಹುಣ್ಣಿಮೆಗಳ ದೊಡ್ಡ ಇಳಿತದಲ್ಲಿ ಅದರ ತಳ ಮೇಲೆದ್ದು ಬರುತ್ತದೆ, ಆದ್ದರಿಂದ ಅಡಿಯಲ್ಲಿ ಎರಡು ಮೀಟರ್ ಇಳಿಬಿದ್ದ ದೋಣಿಯಲ್ಲಿ ಅದನ್ನು ಅಡ್ಡದಾರಿಯೆಂದು ಭಾವಿಸಬೇಡಿ. ಲಂಗರನ್ನು ಹವಳದ ಮೇಲೆ ಬಿಡಲೇಬಾರದು. ಉದ್ಯಾನದವರು ಹಾಕಿರುವ ತೇಲುಬುರುಡೆಗಳಿಗೆ ದೋಣಿ ಕಟ್ಟಿ. 2010ರಲ್ಲಿ ಕಡಲು ಬಿಸಿಯೇರಿ ಇಲ್ಲಿಯ ಹವಳ ಬಹಳಷ್ಟು ಬಿಳಿಚಿ ಸತ್ತುಹೋಗಿದೆ, ಉಳಿದದ್ದಕ್ಕೂ ಹೊಸದಾಗಿ ಚಿಗುರಿದ್ದಕ್ಕೂ ಸರಪಳಿಯ ಹೊಡೆತ ಬೇಕಿಲ್ಲ. ಬಾಡಿಗೆ ಕರಾರಿನಲ್ಲಿ ಸುರಿನ್‌ವರೆಗೆ ಹೋಗಲು ಒಪ್ಪಿಗೆ ಇದೆಯೇ ಎಂಬುದನ್ನೂ ಹೊರಡುವ ಮೊದಲೇ ಬರೆಸಿಕೊಳ್ಳಿ. ಇದೆಲ್ಲ ಭಾರವೆನಿಸಿದರೆ ಫಾಂಗ್ ನ್ಗಾ ಪ್ರಾಂತದ ಖುರಾಬುರಿ ಬಂದರಿನಿಂದ, ಸುಮಾರು 60 ಕಿಲೋಮೀಟರ್ ದೂರದ ಸುರಿನ್‌ಗೆ ವೇಗದ ದೋಣಿಗಳು ಹೋಗುತ್ತವೆ. ಹಾಯಿದೋಣಿಯವರು ಮೂಗು ಮುರಿಯುವ ದಾರಿ ಅದು, ಆದರೆ ಆ ಊರಿನವರಿಗೆ ನೀವು ಯಾವ ದೋಣಿಯಲ್ಲಿ ಬಂದಿರೆಂಬುದು ದೊಡ್ಡ ಸಂಗತಿಯಲ್ಲ.

ಮೆರ್ಗುಯಿ ಬಗ್ಗೆ ನನ್ನ ಉತ್ತರ ನಿಮಗೆ ಹಿಡಿಸಲಿಕ್ಕಿಲ್ಲ: ಈ ಚಳಿಗಾಲದ ಯೋಜನೆಯಿಂದ ಅದನ್ನು ಬಿಡಿ. ಸುಮಾರು 800 ದ್ವೀಪಗಳ ಆ ಸಮೂಹವೇ ಮೋಕೆನ್ನರ ಹಳೆಯ ಹಾಗೂ ದೊಡ್ಡ ನೆಲೆ. ಅಲ್ಲಿಯ ಲಾಂಪಿ ದ್ವೀಪ 1996ರಲ್ಲಿ ಸಾಗರ ರಾಷ್ಟ್ರೀಯ ಉದ್ಯಾನವಾಯಿತು. ಅದರ ಪಕ್ಕದ ಬೋ ಚೋ ದ್ವೀಪದ ಮಾ ಕ್ಯೋನ್ ಗಲೆಟ್ ಎಂಬಲ್ಲಿ ಮೋಕೆನ್ನರೂ ಬರ್ಮೀಯರೂ ಬೆರೆತ ದೊಡ್ಡ ಊರಿದೆ. ವಿದೇಶಿಗರಿಗೆ ಈ ಕಡಲು ತೆರೆದದ್ದು 1990ರ ದಶಕದ ಕೊನೆಯಲ್ಲಿ, ಅದೂ ಪರವಾನಗಿ ಪಡೆದು, ಸರ್ಕಾರ ಒಪ್ಪಿದ ಮಾರ್ಗದರ್ಶಿಯನ್ನು ದೋಣಿಯಲ್ಲಿ ಕೂರಿಸಿಕೊಂಡು ಹೋಗುವ ಷರತ್ತಿನ ಮೇಲೆ. ಪ್ರವೇಶ ಹಿಂದೆ ವಿಕ್ಟೋರಿಯಾ ಪಾಯಿಂಟ್ ಎನಿಸಿದ್ದ ಕೌತಾಂಗ್‌ನಲ್ಲಿ; ಅದರ ಎದುರು ದಡದಲ್ಲಿರುವುದು ಥಾಯ್ಲೆಂಡಿನ ರನೋಂಗ್. 2021ರ ಫೆಬ್ರವರಿಯ ಸೇನಾ ಕ್ಷಿಪ್ರಕ್ರಾಂತಿಯ ನಂತರ ಈ ದ್ವೀಪಗಳಿರುವ ತನಿಂತಾರಿ ಪ್ರಾಂತದಲ್ಲಿ ಸಶಸ್ತ್ರ ಸಂಘರ್ಷ ನಡೆದಿದೆ. ಕಡಲಿನ ಮೇಲೆ ಗಡಿಗೆರೆ ಕಾಣುವುದಿಲ್ಲವೆಂದು ಸುರಿನ್‌ನಿಂದ ಉತ್ತರಕ್ಕೆ ಸುಮ್ಮನೆ ಜಾರಿಬಿಡುವ ಯೋಚನೆ ಯಾರಿಗಾದರೂ ಬಂದಿದ್ದರೆ, ಅದನ್ನು ಬೆಂಗಳೂರಿನಲ್ಲಿಯೇ ಬಿಟ್ಟು ಹೋಗಿ.

ಆ ಗಡಿಗೆರೆಯ ಕಥೆ ನಮಗೆ ಪೂರ್ತಿ ಪರಕೀಯವೂ ಅಲ್ಲ. 1826ರಲ್ಲಿ ಬರ್ಮಾದೊಂದಿಗಾದ ಯಾಂಡಬೋ ಒಪ್ಪಂದದಲ್ಲಿ ತೆನಾಸರಿಮ್ (ಇಂದಿನ ತನಿಂತಾರಿ) ಕರಾವಳಿ ಬ್ರಿಟಿಷರ ಕೈಸೇರಿತು. ಸಯಾಮಿನೊಂದಿಗಿನ, ಅಂದರೆ ಇಂದಿನ ಥಾಯ್ಲೆಂಡಿನೊಂದಿಗಿನ, ಅದರ ಗಡಿಯನ್ನು 1868ರ ಒಪ್ಪಂದ ಗುರುತಿಸಿತು. 1937ರಲ್ಲಿ ಬರ್ಮಾ ಬೇರೆಯಾಗುವವರೆಗೂ ಈ ದ್ವೀಪಗಳು ಆಡಳಿತದ ಲೆಕ್ಕದಲ್ಲಿ ಬ್ರಿಟಿಷ್ ಭಾರತದೊಳಗೇ ಇದ್ದವು. ಗಾಳಿಯನ್ನೂ ಮೀನನ್ನೂ ಹಿಂಬಾಲಿಸಿ ಉತ್ತರ ದಕ್ಷಿಣ ಓಡಾಡುತ್ತಿದ್ದ ದೋಣಿಗಳಿಗೆ ಆ ಗೆರೆ ಬಹುಕಾಲ ಲೆಕ್ಕಕ್ಕೇ ಬರಲಿಲ್ಲ. ಎರಡೂ ಕಡೆಯ ಸರ್ಕಾರಗಳು ಗಸ್ತು ಬಿಗಿಗೊಳಿಸಿ, ಗುರುತಿನ ಚೀಟಿ ಕೇಳತೊಡಗಿದ ಮೇಲೆ, ಅದುವರೆಗೆ ಒಂದೇ ಆಗಿದ್ದ ಬಂಧುಬಳಗ ಎರಡು ದೇಶಗಳಿಗೆ ಹಂಚಿಹೋಯಿತು. ಸುರಿನ್‌ನ ಮೋಕೆನ್ನರಿಗೆ ಅಂದಿನ ಥಾಯ್ ದೊರೆಯ ತಾಯಿ ಶ್ರೀನಗರಿಂದ್ರಾ ಅವರು ‘ಕ್ಲಾತಲೇ’ ಎಂಬ ಮನೆತನದ ಹೆಸರನ್ನು ಕೊಟ್ಟರು. ಕಡಲಿಗೆ ಅಂಜದವರು ಎಂದು ಅದರ ಅರ್ಥ. ಹೆಸರು ಬಂದಷ್ಟು ಬೇಗ ಪೌರತ್ವ ಬರಲಿಲ್ಲ. ಪೂರ್ಣ ಪೌರತ್ವದ ಕಾಗದವಿಲ್ಲದವನು ತನ್ನ ಪ್ರಾಂತದಾಚೆ ಹೋಗಲು ಅನುಮತಿ ಬೇಡಬೇಕು. ನೀವು ಪಾಸ್‌ಪೋರ್ಟ್ ಹಿಡಿದು ಬೆಂಗಳೂರಿನಿಂದ ಅವನ ಕಡಲಿಗೆ ಬಂದಿರುವಾಗ ಈ ಸಂಗತಿ ನಿಮ್ಮ ನೆನಪಿನಲ್ಲಿರಲಿ.

ದೋಣಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಹಾಯಿ ನಡೆಸುವವರಿಗೆ ಮೋಕೆನ್ನರನ್ನು ಅರಿಯಲು ಅದಕ್ಕಿಂತ ಒಳ್ಳೆಯ ಬಾಗಿಲಿಲ್ಲ. ಅವರ ದೋಣಿಯ ಹೆಸರು ಕಬಾಂಗ್. ಒಂದೇ ಮರದ ದಿಮ್ಮಿಯನ್ನು ಕೊರೆದು, ಬೆಂಕಿಯ ಕಾವಿನಲ್ಲಿ ಅದರ ಬಾಯನ್ನು ಅಗಲಿಸಿ ತಳ ಮಾಡುತ್ತಿದ್ದರು. ಅದರ ಮೇಲಿನ ಪಕ್ಕೆಗಳಿಗೆ ಹಲಗೆಯ ಬದಲು, ಸಲಕ್ಕಾ ಎಂಬ ಮುಳ್ಳುತಾಳೆಯ ಹಗುರವಾದ ದಂಟುಗಳನ್ನು ಒಂದರ ಮೇಲೊಂದು ಪೇರಿಸಿ ಬಿಗಿಯುತ್ತಿದ್ದರು. ದಂಟು ಕೆಲವೇ ತಿಂಗಳು ಬಾಳುತ್ತದೆ, ಆಮೇಲೆ ಹೊಸದನ್ನು ಕೂರಿಸಬೇಕು. ಆದರೆ ದೋಣಿಯೊಳಗೆ ನೀರು ತುಂಬಿದರೂ ಅದು ಮುಳುಗಗೊಡುವುದಿಲ್ಲ. ಹಾಯಿ ಹೆಣೆಯುತ್ತಿದ್ದದ್ದು ಮುಂಡುಗದ ಓಲೆಯಿಂದ. ನಮ್ಮ ಕರಾವಳಿಯಲ್ಲಿ ಚಾಪೆ ಹೆಣೆಯಲು ಬಳಸುವ, ಕೇದಗೆಯ ಬಳಗದ ಗಿಡವೇ ಅದು. ನಮ್ಮವರು ಅದರ ಮೇಲೆ ಮಲಗಿದರು, ಇವರು ಅದಕ್ಕೆ ಗಾಳಿ ಕಟ್ಟಿದರು. ದೋಣಿಯ ಭಾಗಗಳಿಗೆ ಹೊಟ್ಟೆ, ಕೆನ್ನೆ, ಕತ್ತು, ಹೆಗಲು, ಪಕ್ಕೆಲುಬು ಎಂದು ಮೈಯ ಹೆಸರುಗಳಿವೆ. ಮುಂದೊಂದು, ಹಿಂದೊಂದು ಕವಲಿನಂಥ ಕಚ್ಚು ಇರುತ್ತದೆ. ನೀರಿನಿಂದ ಮೇಲೆ ಹತ್ತಲು ಕಾಲೂರುವ ಜಾಗ ಅದು ಎಂಬುದು ಒಂದು ವಿವರಣೆ. ದಶಕಗಳ ಕಾಲ ಮೋಕೆನ್ನರ ನಡುವೆ ಅಧ್ಯಯನ ನಡೆಸಿದ ಫ್ರೆಂಚ್ ಮಾನವಶಾಸ್ತ್ರಜ್ಞ ಜಾಕ್ ಇವಾನೋಫ್ ಅವರ ವಿವರಣೆಯಲ್ಲಿ ಮುಂದಿನದು ತಿನ್ನುವ ಬಾಯಿ, ಹಿಂದಿನದು ವಿಸರ್ಜಿಸುವ ದ್ವಾರ, ಒಳಗೆ ಏನನ್ನೂ ಕೂಡಿಡದ ಮೈಯೇ ಕಬಾಂಗ್. ಎರಡೂ ಒಟ್ಟಿಗೆ ನಿಜವಾಗಿರಬಾರದೆಂದೇನೂ ಇಲ್ಲ. ಮದುವೆಯಾದ ಗಂಡು ತನ್ನದೇ ಕಬಾಂಗ್ ಕಟ್ಟಿಕೊಂಡರೆ ಮಾತ್ರ ಅವನದು ಬೇರೆ ಸಂಸಾರ.

ಇಂಥ ದೋಣಿ ಇಂದು ಏಕೆ ಕಾಣುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ದಡದಲ್ಲಿದೆ. ದೋಣಿಗೆ ದೊಡ್ಡ ಮರ ಬೇಕು. ರಾಷ್ಟ್ರೀಯ ಉದ್ಯಾನದಲ್ಲಿ ಮರ ಕಡಿಯುವಂತಿಲ್ಲ. ಕಾಡನ್ನು ಉಳಿಸುವ ನಿಯಮವನ್ನು ನಾನು ತಪ್ಪೆನ್ನಲಾರೆ, ಆದರೆ ವರ್ಷಕ್ಕೆ ಒಂದೆರಡು ಮರ ಕಡಿಯುತ್ತಿದ್ದ ಜನರಿಗೂ ಮರದ ವ್ಯಾಪಾರಿಗೂ ಒಂದೇ ಅಳತೆ ಹಿಡಿದದ್ದರಲ್ಲಿ ವಿವೇಕ ಕಡಿಮೆಯಿತ್ತು ಎಂದೇ ನನ್ನ ಅಭಿಪ್ರಾಯ. ಕಬಾಂಗಿನ ಜಾಗಕ್ಕೆ ಈಗ ಉದ್ದ ಬಾಲದ ಎಂಜಿನ್ ಜೋಡಿಸಿದ ಹಲಗೆ ದೋಣಿಗಳು ಬಂದಿವೆ. ಅವುಗಳಿಗೆ ಡೀಸೆಲ್ ಬೇಕು, ಡೀಸೆಲ್‌ಗೆ ರೊಕ್ಕ ಬೇಕು, ರೊಕ್ಕಕ್ಕೆ ಉದ್ಯಾನದ ದೋಣಿಯಾಳಾಗಿ ದುಡಿಯಬೇಕು ಅಥವಾ ಪ್ರವಾಸಿಗೆ ಏನನ್ನಾದರೂ ಮಾರಬೇಕು.

ಹಾಗೆಂದು ಹಿಂದೆ ಅವರು ಹೊರಗಿನ ಲೋಕದ ಗೊಡವೆಯಿಲ್ಲದೆ ಬದುಕಿದ್ದರು ಎಂದು ತಿಳಿಯಬೇಡಿ. ಅವರ ಊಟ ಅನ್ನ, ಆದರೆ ಅವರು ಭತ್ತ ಬೆಳೆಯುವುದಿಲ್ಲ. ಕಡಲ ಸೌತೆ ಎಂಬ ಕಡಲಜೀವಿ, ಮುತ್ತಿನ ಚಿಪ್ಪು, ಚೀನೀಯರು ಬಯಸುವ ಹಕ್ಕಿಗೂಡು ಇವನ್ನೆಲ್ಲ ‘ತೌಕೆ’ ಎಂದು ಕರೆಯುವ ದಲ್ಲಾಳಿಗೆ ಕೊಟ್ಟು ಅಕ್ಕಿ ತರುತ್ತಿದ್ದರು. ಅಕ್ಕಿಯ ಜೊತೆ ಕೆಲವೊಮ್ಮೆ ಅಫೀಮೂ, ಸಾಲವೂ ಬರುತ್ತಿದ್ದವು. ಅವರ ಪುರಾಣದಲ್ಲಿಯೇ ಈ ಅಕ್ಕಿಯಿದೆ. ಸಿಬಿಯನ್ ಎಂಬ ರಾಣಿಯ ಬಳಿಗೆ ಮಲಯದವನಾದ ಗಾಮನ್ ಅಕ್ಕಿ ತರುತ್ತಾನೆ. ರಾಣಿಯ ಕೈಹಿಡಿದವನು ಆಕೆಯ ತಂಗಿ ಕೆನ್‌ಳನ್ನು ಕೂಡುತ್ತಾನೆ. ಸಿಟ್ಟಾದ ರಾಣಿ, ಕೆನ್ ಕಡಲಲ್ಲಿ ಮುಳುಗಲಿ ಎಂದು ಶಪಿಸುತ್ತಾಳೆ. ಮುಳುಗು ಎಂಬುದಕ್ಕೆ ‘ಲೆಮೊ’. ಲೆಮೊ ಕೆನ್ ಎಂಬುದೇ ಮೋಕೆನ್ ಆಯಿತಂತೆ. ಮೋಕೆನ್ ಭಾಷೆಯಲ್ಲಿ ‘ಬೇಕು’ ಎಂಬ ಪದವೇ ಇಲ್ಲ, ಅವರು ಆಸೆಯೇ ಅರಿಯದವರು ಎಂದು ಕೆಲವು ಪ್ರವಾಸ ಬರಹಗಳು ಕೊಂಡಾಡುತ್ತವೆ. ತಲೆಮಾರುಗಳಿಂದ ಅಕ್ಕಿಗಾಗಿ ಚೌಕಾಸಿ ಮಾಡಿದವರ ಬಗ್ಗೆ ಇಂಥ ಮಾತನ್ನು ನಾನು ನಂಬುವುದಿಲ್ಲ.

ಇದೇ ಬಗೆಯ ಇನ್ನೊಂದು ಮಾತು, ಮೋಕೆನ್ ಮಕ್ಕಳಿಗೆ ಮೀನಿನ ಕಣ್ಣಿದೆ ಎಂಬುದು. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಅನ್ನಾ ಗಿಸ್ಲೆನ್ ಮತ್ತು ಸಂಗಡಿಗರು ಸುರಿನ್‌ನ ಮಕ್ಕಳನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನೀರಿನಡಿ ಆ ಮಕ್ಕಳು ಯುರೋಪಿನ ಮಕ್ಕಳಿಗಿಂತ ಎರಡರಷ್ಟು ಸೂಕ್ಷ್ಮವಾಗಿ ಕಾಣಬಲ್ಲರು. ಅವರ ಕಣ್ಣಿನ ಪಾಪೆ ನೀರಿನಲ್ಲಿ 1.96 ಮಿಲಿಮೀಟರ್‌ಗೆ ಕುಗ್ಗುತ್ತದೆ, ಯುರೋಪಿನ ಮಕ್ಕಳದು 2.5 ಮಿಲಿಮೀಟರ್‌ವರೆಗೆ ಮಾತ್ರ. ಆದರೆ ಅದೇ ತಂಡ 2006ರಲ್ಲಿ ಪ್ರಕಟಿಸಿದ್ದು ಅಷ್ಟು ಪ್ರಚಾರ ಪಡೆಯಲಿಲ್ಲ: ತಿಂಗಳೊಪ್ಪತ್ತಿನ ಅಭ್ಯಾಸದ ನಂತರ ಸ್ವೀಡನ್ನಿನ ಮಕ್ಕಳೂ ಅದನ್ನು ಕಲಿತರು. ರಕ್ತದಲ್ಲಿ ಬಂದ ಪವಾಡವಲ್ಲ, ರೂಢಿಯಿಂದ ಬಂದ ಕಸುಬು ಅದು. ಗುಲ್ಮ (ಸ್ಪ್ಲೀನ್) ದೊಡ್ಡದಾಗಿದ್ದು ದೀರ್ಘಕಾಲ ಮುಳುಗಿರಬಲ್ಲರು ಎಂದು 2018ರಲ್ಲಿ ಸುದ್ದಿಯಾದವರು ಇಂಡೊನೇಷ್ಯಾದ ಬಜಾವ್ ಜನ. ಎರಡು ಸಮುದಾಯಗಳನ್ನು ಒಂದೇ ಎಂದು ಬೆರೆಸುವುದು ಸಾಮಾನ್ಯ ತಪ್ಪು.

2004ರ ಡಿಸೆಂಬರ್ 26ರ ಸುನಾಮಿಯ ಬಗ್ಗೆ ನೀವು ಓದಿರುತ್ತೀರಿ. ಕಡಲು ಹಿಂದೆ ಸರಿದದ್ದನ್ನು ಕಂಡು, ಹಿರಿಯರು ಹೇಳುತ್ತಿದ್ದ ‘ಲಬೂನ್’, ಅಂದರೆ ಜನರನ್ನು ನುಂಗುವ ಅಲೆಯ ಕಥೆ ನೆನಪಾಗಿ ಸುರಿನ್‌ನ ಮೋಕೆನ್ನರು ಗುಡ್ಡ ಹತ್ತಿದರು. ಮನೆಗಳೂ ದೋಣಿಗಳೂ ಹೋದವು, ಜನ ಹೆಚ್ಚುಕಡಿಮೆ ಎಲ್ಲರೂ ಉಳಿದರು. ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ, ಆದರೆ ನೀವು ನೋಡಲಿರುವ ಊರು ಹುಟ್ಟುವುದು ಇದರ ನಂತರ. ಅದುವರೆಗೆ ಎರಡು ಕೊಲ್ಲಿಗಳಲ್ಲಿ ಬೇರೆಬೇರೆಯಾಗಿದ್ದ ಎರಡು ಊರುಗಳನ್ನು ಕೂಡಿಸಿ, ನೆರವಿನ ಹಣದಿಂದ ಆವ್ ಬೋನ್ ಯಾಯ್ ಎಂಬ ಒಂದೇ ಕೊಲ್ಲಿಯಲ್ಲಿ ಮನೆಗಳನ್ನು ಒತ್ತೊತ್ತಾಗಿ ಸಾಲುಗಟ್ಟಿ ನಿಲ್ಲಿಸಲಾಯಿತು. ಮೊದಲಿನ ಗುಡಿಸಲುಗಳು ನೀರಿನಂಚಿನಲ್ಲಿ, ದೋಣಿ ಕಣ್ಣೆದುರಿಗೇ ಇರುವಂತೆ, ಮನ ಬಂದಾಗ ಕಿತ್ತು ಬೇರೆಡೆ ಕಟ್ಟುವಂತೆ ಇದ್ದವು. ಹೊಸ ಸಾಲಿನಲ್ಲಿ ಹಿಂದಿನ ಮನೆಯವರಿಗೆ ಕಡಲೇ ಕಾಣದಾಯಿತು. 2019ರ ಫೆಬ್ರವರಿಯಲ್ಲಿ ಹೊತ್ತಿದ ಬೆಂಕಿ ಮನೆಯಿಂದ ಮನೆಗೆ ಹಾರಿ ಊರಿನ ಬಹುಭಾಗವನ್ನು ಸುಟ್ಟಿತು. ಒತ್ತೊತ್ತಾದ ಮನೆಗಳಿಗೆ ಒಣ ಓಲೆಯ ಗೋಡೆ, ಸೂರು ಇದ್ದರೆ ಬೆಂಕಿಗೆ ಬೇರೆ ನೆರವು ಬೇಕಿಲ್ಲ. ನೀವು ಕಾಲಿಡುವ ಓಣಿಗಳು ಆ ಬೆಂಕಿಯ ನಂತರ ಮತ್ತೆ ಕಟ್ಟಿದವು.

ಈಗ ಅಲ್ಲಿ ‘ಕೆಲವು ದಿನ ಇರುವ’ ಮಾತು. ರಾತ್ರಿ ನಿಮ್ಮ ದೋಣಿಯಲ್ಲೇ ಇರಿ. ಊರಿಗೆ ಹಗಲಿನಲ್ಲಿ, ಮೊದಲು ಉದ್ಯಾನದ ಕಚೇರಿಯಲ್ಲಿ ಹೇಳಿ, ಸಾಧ್ಯವಾದರೆ ಮೋಕೆನ್ ಮಾರ್ಗದರ್ಶಿಯೊಬ್ಬರನ್ನು ಕೂಲಿಗೆ ಕರೆದುಕೊಂಡು ಹೋಗಿ. ವೇಗದ ದೋಣಿಗಳ ಗುಂಪು ಇಳಿದು, ಮುಕ್ಕಾಲು ಗಂಟೆ ಫೋಟೊ ತೆಗೆದು ಹತ್ತುವ ಹೊತ್ತು ಒಂದಿರುತ್ತದೆ. ಅದನ್ನು ತಪ್ಪಿಸಿ, ಸಂಜೆಯ ಮುನ್ನ ಹೋದರೆ ಕೆಲಸ ಮುಗಿಸಿ ಕೂತವರು ಮಾತಿಗೆ ಸಿಗುತ್ತಾರೆ. ಮನೆಯೊಳಗೆ ಇಣುಕಬೇಡಿ, ಕೇಳದೆ ಕ್ಯಾಮೆರಾ ಎತ್ತಬೇಡಿ. ಊರಿನಲ್ಲಿ ಕೆತ್ತಿದ ಮರದ ಕಂಬಗಳು ಕಂಡರೆ ಅವು ಲೊಬೊಂಗ್, ಪೂರ್ವಿಕರ ನೆಲೆ. ಅವನ್ನು ಮುಟ್ಟುವುದೂ ಒರಗಿ ನಿಲ್ಲುವುದೂ ಸಲ್ಲದು. ಚಾಂದ್ರಮಾನದ ಐದನೇ ತಿಂಗಳಲ್ಲಿ, ಹೆಚ್ಚಾಗಿ ಏಪ್ರಿಲ್‌ನಲ್ಲಿ, ಆ ಕಂಬಗಳಿಗೆ ನೆ-ಎನ್ ಲೊಬೊಂಗ್ ಎಂಬ ಪೂಜೆ ನಡೆಯುತ್ತದೆ. ಅದು ಅವರ ಮನೆಯ ಕಾರ್ಯ. ಕರೆಯದೆ ಹೋಗುವ ಅತಿಥಿ ಎಲ್ಲ ಊರಿನಲ್ಲೂ ಒಂದೇ.

ಮಕ್ಕಳಿಗೆ ಏನನ್ನೂ ಕೊಂಡೊಯ್ಯಬೇಡಿ. ಮಿಠಾಯಿ ಹಲ್ಲು ಹಾಳುಮಾಡುತ್ತದೆ, ಅದರ ಹೊದಿಕೆ ದಡದಲ್ಲಿ ಉಳಿಯುತ್ತದೆ; ನೀರಿಗೆ ನಾಣ್ಯ ಎಸೆದು ಮುಳುಗಿ ತರುವಂತೆ ಹೇಳುವುದು ಮಗುವನ್ನು ಆಟದ ವಸ್ತು ಮಾಡಿದಂತೆ. ಕೊಡಲೇಬೇಕೆನಿಸಿದರೆ ದೊಡ್ಡವರಿಂದ ಕೊಳ್ಳಿ. ಹೆಂಗಸರು ಹೆಣೆದ ಮುಂಡುಗದ ಬುಟ್ಟಿಗಳೂ, ಗಂಡಸರು ಕೆತ್ತಿದ ಗೇಣುದ್ದದ ಕಬಾಂಗ್‌ಗಳೂ ಮಾರಾಟಕ್ಕಿರುತ್ತವೆ. ಹೇಳಿದ ಬೆಲೆ ಕೊಡಿ, ಚಿಪ್ಪು ಹವಳಗಳನ್ನು ಮಾತ್ರ ಯಾರು ಕೊಟ್ಟರೂ ತರಬೇಡಿ, ಉದ್ಯಾನದಿಂದ ಅವನ್ನು ಒಯ್ಯುವುದು ಅಪರಾಧ. ಕೊಂಡ ಆಟಿಕೆ ದೋಣಿಯನ್ನು ಕೈಯಲ್ಲಿ ಹಿಡಿದು ಅದರ ಮುಂದಿನ ಕಚ್ಚು ಏನೆಂದು ಕೆತ್ತಿದವರನ್ನೇ ಕೇಳಿ. ಇವಾನೋಫ್ ಹೇಳಿದ್ದು ಸರಿಯೋ, ಕಾಲೂರುವ ಮೆಟ್ಟಿಲೆಂಬುದು ಸರಿಯೋ ಎಂದು ಅವರ ಬಾಯಿಂದ ಕೇಳಿ ತಿಳಿಯಬಹುದು. ನಿಮ್ಮ ದೋಣಿಯ ಕಸವನ್ನು ಆ ದ್ವೀಪದಲ್ಲಿ ಇಳಿಸದೆ ಫುಕೆಟ್‌ವರೆಗೂ ವಾಪಸು ತನ್ನಿ. ಮರಳುವಾಗ ಸಿಮಿಲನ್‌ವರೆಗೆ ಗಾಳಿ ಬೆನ್ನಿಗಿರುತ್ತದೆ, ಭಾರವೆನಿಸುವುದಿಲ್ಲ.